ಕಾಲಿಗೆ ಕಟ್ಟಿದ ಮರಳು

ಪೀನಾಳ ಕಾಲಿಗೆ ಚಕ್ರವಿದೆ ಎಂದು ಊರಿನವರು ಅವಳ ಮದುವೆಗೆ ಮುಂಚಿನಿಂದಲೂ ಆಡಿಕೊಳ್ಳುತ್ತಿದ್ದರು. ಮೀನನ್ನು ಬಿಸಿಲಿಗೆ ಹರವಿ ಮನೆಗೆ ಹೊರಟವಳು ಅರ್ಧ ದಾರಿಯಿಂದ ತಿರುಗಿ ಹೋಗಿ ಅದನ್ನು ಮಗುಚಿ ಬರುವವಳು. ಒಲೆಯ ಮೇಲೆ ಅನ್ನಕ್ಕಿಟ್ಟರೆ ಮುಚ್ಚಳ ತೆಗೆದು ತೆಗೆದು ನೋಡಿ ಅಕ್ಕಿಯನ್ನು ಬೇಯಲು ಬಿಡದವಳು. ಅಂಥವಳಿಗೆ ದೇವರು ಯಾವ ಕೆಲಸ ಹಚ್ಚಿದ ನೋಡಿ: ಸರ್ಕಾರಿ ಆಸ್ಪತ್ರೆಯಲ್ಲಿ ಗಂಡನ ಮಂಚದ ಪಕ್ಕ ಸ್ಟೂಲಿನ ಮೇಲೆ ಸುಮ್ಮನೆ ಕೂತಿರುವ ಕೆಲಸ.

ಗಂಡನ ಹೆಸರು ಎಲ್ಪಿಡಿಯೊ. ಎಲ್ಲರ ಬಾಯಲ್ಲೂ ಪಿಡಿಯೊಂಗ್. ಟ್ರೈಸಿಕಲ್ ಓಡಿಸುತ್ತಿದ್ದ, ಮೋಟರ್‌ಸೈಕಲ್ಲಿನ ಪಕ್ಕಕ್ಕೆ ಗೂಡು ಕಟ್ಟಿಸಿಕೊಂಡು ಸಂತೆಗೂ ಬಂದರಿಗೂ ಜನರನ್ನು ಹೊರುವ ಗಾಡಿ. ಕಬ್ಬಿನ ಲಾರಿಯೊಂದು ತಾಗಿ ಬಲತೊಡೆಯ ಎಲುಬು ಎರಡು ತುಂಡಾಗಿತ್ತು. ಡಾಕ್ಟರ್ ಸುಪ್ಲಿಕೊ ಮೊಣಕಾಲಿನ ಕೆಳಗೆ ಉಕ್ಕಿನ ಕಡ್ಡಿ ತೂರಿಸಿ, ಅದಕ್ಕೆ ಹಗ್ಗ ಬಿಗಿದು, ಹಗ್ಗವನ್ನು ಮಂಚದ ಕಾಲ್ದೆಸೆಯ ರಾಟೆಯ ಮೇಲೆ ಹಾಯಿಸಿ ತುದಿಗೆ ತೂಕ ಇಳಿಬಿಟ್ಟಿದ್ದರು. ತೂಕ ಹಗಲೂ ರಾತ್ರಿ ಎಳೆಯುತ್ತಿದ್ದರೆ ತುಂಡುಗಳು ಒಂದರ ಮೇಲೊಂದು ಏರದೆ ನೆಟ್ಟಗೆ ಕೂಡಿಕೊಳ್ಳುತ್ತವೆ.

ಆಸ್ಪತ್ರೆಯ ಕಬ್ಬಿಣದ ತೂಕಗಳು ಯಾವ ಕಾಲದಲ್ಲೋ ಗುಜರಿ ಸೇರಿದ್ದವು. ತೂಕವನ್ನು ಮನೆಯವರೇ ತರುವುದು ಆ ವಾರ್ಡಿನ ವಾಡಿಕೆ. ಒಬ್ಬನ ಕಾಲಿಗೆ ನೀರು ತುಂಬಿದ ಎಣ್ಣೆ ಡಬ್ಬಿ, ಇನ್ನೊಬ್ಬನ ಕಾಲಿಗೆ ಗೋಣಿಯಲ್ಲಿ ಸುತ್ತಿದ ಇಟ್ಟಿಗೆ. ಪೀನಾ ತನ್ನೂರಿನ ಕಡಲ ದಂಡೆಯ ಮರಳನ್ನೇ ಅಕ್ಕಿ ಚೀಲಕ್ಕೆ ತುಂಬಿ, ಬಾಯಿ ಹೊಲಿದು, ಮೀನಿನ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿ ತಂದಿದ್ದಳು. ಅವಸರದಲ್ಲಿ ಹಸಿ ಮರಳು ತುಂಬಿದ್ದಳು. ಅದು ಒಣಗುತ್ತ ಹಗುರಾದಾಗ ಡಾಕ್ಟರು ನಕ್ಕು, "ಇನ್ನೊಂದಿಷ್ಟು ಕಡಲು ತಗೊಂಡ್ ಬಾಮ್ಮ" ಎಂದಿದ್ದರು. ಮತ್ತೆ ತಂದಳು. ಪಿಡಿಯೊಂಗ್‌ಗೆ ಆ ಚೀಲ ಕಂಡರೆ ಏನೋ ಧೈರ್ಯ. ಊರಿನ ನೆಲವೇ ಕಾಲು ಹಿಡಿದುಕೊಂಡು ಕೂತಿದೆ, ಹೇಗೆ ಸೊಟ್ಟಗಾಗುತ್ತದೆ ನೋಡೋಣ ಎನ್ನುತ್ತಿದ್ದ.

"ನನ್ನನ್ನೇನೋ ಇಷ್ಟು ಮರಳಲ್ಲಿ ಕಟ್ಟಿಹಾಕಿದ್ರು ದಾಯ್" ಎಂದು ಹೆಂಡತಿಯನ್ನು ಕಿಚಾಯಿಸುತ್ತಿದ್ದ; ಅವಳು ಅವನಿಗೆ ಪ್ರೀತಿಯ ದಾಯ್, ಅವನು ಅವಳಿಗೆ ನೊಂಗ್. "ನಿನ್ನನ್ನ ಕಟ್ಟಿಹಾಕೋಕೆ ಇಡೀ ದಂಡೆ ಬೇಕಾಗತ್ತೇನೋ."

"ಬಾಯಿ ಮುರ್ದಿದ್ರೆ ಎಷ್ಟೋ ಚೆನ್ನಾಗಿತ್ತು ನೊಂಗ್. ಹೋಗಿ ಹೋಗಿ ಕಾಲು ಮುರ್ಕೊಂಡೆ."

ಅವನ ಬಲಗಾಲೇ ಗಾಡಿಯ ಬ್ರೇಕು ತುಳಿಯುವ ಕಾಲು. ಅದು ನೆಟ್ಟಗೆ ಕೂಡಿದರೆ ಮನೆ ನಡೆಯುತ್ತದೆ, ಗಿಡ್ಡವಾದರೆ ಇಲ್ಲ. ಡಿಸೆಂಬರಿನಲ್ಲಿ ಕ್ರಿಸ್‌ಮಸ್ಸಿಗೆ ಮುಂಚಿನ ಬೆಳಗಿನ ಜಾವದ ಪೂಜೆಗಳು ಶುರುವಾಗುವವರೆಗೆ ತೂಕ ಇಳಿಸುವ ಮಾತೇ ಇಲ್ಲ ಎಂದು ಡಾಕ್ಟರು ಕಡ್ಡಿ ತುಂಡು ಮಾಡಿದಂತೆ ಹೇಳಿದ್ದರು. ಆಗಿನ್ನೂ ಅಕ್ಟೋಬರ್.

ರೋಗಿಯ ಜೊತೆ ಉಳಿಯುವವರನ್ನು ಅಲ್ಲಿ ಬಂತಾಯ್ ಎನ್ನುತ್ತಾರೆ, ಅಂದರೆ ಕಾವಲು. ಬಂತಾಯ್ ಇಲ್ಲದ ರೋಗಿ ಆ ವಾರ್ಡಿನಲ್ಲಿ ಅನಾಥ. ಮೂತ್ರದ ಪಾತ್ರೆ ತೆಗೆಯುವುದು, ಹೊರಗಿನ ಅಂಗಡಿಯಿಂದ ಔಷಧಿ ತರುವುದು, ಬೆನ್ನು ಹುಣ್ಣಾಗದಂತೆ ಒರೆಸುವುದು, ಎಲ್ಲವೂ ಅವರದೇ. ಮಲಗುವುದು ಮಂಚದ ಕೆಳಗೆ ರಟ್ಟು ಹಾಸಿಕೊಂಡು. ಸರ್ಕಾರಿ ಆಸ್ಪತ್ರೆ ಸ್ವರ್ಗವಾಗಿತ್ತು ಎಂದು ಯಾರಾದರೂ ಹೇಳಿದರೆ ಅವರು ಅಲ್ಲಿ ಒಂದು ದಿನವೂ ಇರಲಿಲ್ಲ ಎಂದು ತಿಳಿಯಿರಿ. ಸೂರು ಸೋರುತ್ತಿತ್ತು, ಬೆಕ್ಕುಗಳು ಮಂಚ ಮಂಚ ಹತ್ತಿ ಊಟದ ಪಾಲು ಕೇಳುತ್ತಿದ್ದವು. ಆದರೆ ಕಾಲು ಮುರಿದವನಿಗೆ ಮಂಚ ಸಿಗುತ್ತಿತ್ತು, ನೀನು ಯಾರು ಎಂದು ಯಾರೂ ಕೇಳುತ್ತಿರಲಿಲ್ಲ.

ವಾರ್ಡಿನ ಬಂತಾಯ್‌ಗಳಿಗೆಲ್ಲ ಯಜಮಾನಿ ಮನಾಂಗ್ ಸಾತುರ್ನಿನಾ. ತೆಂಗಿನ ಮರದಿಂದ ಬಿದ್ದ ತಮ್ಮನ ಕಾವಲಿಗೆ ಬಂದು ಎಲ್ಲರಿಗೂ ಮನಾಂಗ್, ಅಂದರೆ ಅಕ್ಕ, ಆಗಿಬಿಟ್ಟಿದ್ದಳು. ಹಿತ್ತಲಿನ ಒಲೆಯಲ್ಲಿ ಹತ್ತು ಮನೆಯ ಅಕ್ಕಿಯನ್ನು ಒಂದೇ ಪಾತ್ರೆಯಲ್ಲಿ ಬೇಯಿಸುವವಳು, ಯಾರಾದರೂ ಮನೆಗೆ ಹೋಗಿ ಬರಬೇಕೆಂದರೆ ಅವರ ರೋಗಿಯನ್ನೂ ನೋಡಿಕೊಳ್ಳುವವಳು. ಬೈಗುಳವಿಲ್ಲದೆ ಒಂದು ಮಾತೂ ಆಡುತ್ತಿರಲಿಲ್ಲ, ಬೈಸಿಕೊಂಡವರಿಗೆ ಅದರಿಂದ ಸಮಾಧಾನವೇ ಆಗುತ್ತಿತ್ತು.

ಹೀಗಿರುವಾಗ ಒಂದು ದಿನ ಷರಟನ್ನು ಪ್ಯಾಂಟಿನೊಳಗೆ ಸಿಕ್ಕಿಸಿಕೊಂಡ ನಾಲ್ಕು ಜನ ಟೇಪು ಹಿಡಿದು ವಾರ್ಡಿಗೆ ಬಂದರು. ರೋಗಿಗಳ ಕಡೆ ನೋಡದೆ ಗೋಡೆಯಿಂದ ಗೋಡೆಗೆ ಅಳೆದರು. ಪಿಡಿಯೊಂಗ್‌ನ ಮಂಚದ ಬಳಿ ಬಂದಾಗ ಒಬ್ಬ ಮರಳಿನ ಚೀಲವನ್ನು ಬೂಟಿನ ತುದಿಯಿಂದ ಮೆಲ್ಲಗೆ ತಟ್ಟಿ ಇನ್ನೊಬ್ಬನಿಗೆ ತೋರಿಸಿದ. ಚೀಲ ಅಲ್ಲಾಡಿತು, ಪಿಡಿಯೊಂಗ್ ಹಲ್ಲು ಕಚ್ಚಿದ. ಪೀನಾ ಎದ್ದು ನಿಂತು ಚೀಲವನ್ನು ಎರಡೂ ಕೈಯಲ್ಲಿ ಹಿಡಿದು ನಿಲ್ಲಿಸಿದಳು.

ಅಂದಿನ ಸಂಜೆಗೆ ವಿಷಯ ಹೊರಬಿತ್ತು. ರೇಡಿಯೋದಲ್ಲಿ ಗವರ್ನರ್ ಸಾಹೇಬರೇ ಹೇಳಿದ್ದರಂತೆ: ಬರುವ ಸೋಮವಾರದಿಂದ ಆಸ್ಪತ್ರೆಯನ್ನು ಒಂದು ಕಂಪನಿ ನಡೆಸುತ್ತದೆ, ಹೊಸ ಯಂತ್ರ ಬರುತ್ತದೆ, ತಂಪು ಗಾಳಿ ಬರುತ್ತದೆ, ಬಡವರಿಗೆ ಬೇಕಾದಷ್ಟು ಉಚಿತ ಮಂಚ ಇದ್ದೇ ಇರುತ್ತದೆ. ಕೇಳಲು ಎಲ್ಲ ಚೆನ್ನಾಗಿಯೇ ಇತ್ತು. ಮರುದಿನ ಗೇಟಿನಲ್ಲಿ ಹಳೆಯ ಕಾವಲುಗಾರ ಕಾಣಲಿಲ್ಲ. ಅವನು ಬನಿಯನ್ನಿನಲ್ಲಿ ಕೂತು ಕಡಲೆಕಾಯಿ ತಿನ್ನುತ್ತ ಬಂದವರನ್ನೆಲ್ಲ ಒಳಗೆ ಬಿಡುತ್ತಿದ್ದ. ಅವನ ಜಾಗದಲ್ಲಿ ಇಸ್ತ್ರಿ ಮಾಡಿದ ನೀಲಿ ಸಮವಸ್ತ್ರದ ಹೊಸ ಗಾರ್ಡುಗಳು ನಿಂತಿದ್ದರು. ಗೇಟಿಗೆ ಹೊಸ ಬಣ್ಣ, ಹೊಸ ಚಿಲಕ.

ಆ ಚಿಲಕ ನೋಡಿದ್ದೇ ಪೀನಾಳಿಗೆ ಇನ್ನೊಂದು ಗೇಟು ನೆನಪಾಯಿತು.

ಅವಳ ನಾದಿನಿ ಮರಿಲೂ ಹೆರಿಗೆಗೆಂದು ಪಟ್ಟಣದ ಒಂದು ಖಾಸಗಿ ಆಸ್ಪತ್ರೆಗೆ ಹೋಗಿದ್ದಳು. ಮಗು ಅಡ್ಡವಾಗಿ ಸಿಕ್ಕಿಕೊಂಡಿತ್ತು, ಬೇರೆ ದಾರಿ ಇರಲಿಲ್ಲ. ತಾಯಿ ಮಗು ಇಬ್ಬರೂ ಉಳಿದರು, ಅದಕ್ಕೆ ಆ ಆಸ್ಪತ್ರೆಗೆ ಪುಣ್ಯ ಬರಲಿ. ಆದರೆ ಬಿಲ್ಲು ಕಟ್ಟುವವರೆಗೆ ಮನೆಗೆ ಬಿಡಲಿಲ್ಲ. ಮಂಚ ಬೇರೆಯವರಿಗೆ ಕೊಟ್ಟು, ಬಾಣಂತಿಯನ್ನು ಮಗುವಿನ ಸಮೇತ ಮೆಟ್ಟಿಲ ಬಳಿಯ ಬೆಂಚಿನ ಮೇಲೆ ಕೂರಿಸಿದರು. ಗೇಟಿನಲ್ಲಿ ಗಾರ್ಡು. ಹಾಗೆ ಹಿಡಿದಿಟ್ಟುಕೊಳ್ಳಬಾರದೆಂದು ಕಾನೂನಿದೆ ಅಂತ ಯಾರೋ ಹೇಳಿದ್ದಕ್ಕೆ ಪೀನಾಳ ಅತ್ತೆ, "ಕಾನೂನು ಗೇಟಲ್ಲಿ ನಿಂತಿರಲ್ಲಪ್ಪ, ಗಾರ್ಡು ನಿಂತಿರ್ತಾನೆ" ಎಂದಿದ್ದಳು. ಉಳುವ ಕೋಣ ಮಾರಿದ ಮೇಲೆ ಗೇಟು ತೆರೆಯಿತು. ಆ ಬೆಂಚಿನ ಮೇಲೆ ಎದೆಹಾಲು ಬತ್ತಿದ ಮರಿಲೂಗೆ ಡಬ್ಬಿಯಲ್ಲಿ ಗಂಜಿ ಒಯ್ದು ಕೊಟ್ಟವಳು ಪೀನಾ. ಗಾರ್ಡು ಡಬ್ಬಿಯ ಮುಚ್ಚಳ ತೆಗೆಸಿ ನೋಡಿ ಒಳಗೆ ಬಿಟ್ಟಿದ್ದ.

ಈಗ ಮಾರಲು ಕೋಣ ಇಲ್ಲ. ಇರುವುದು ಟ್ರೈಸಿಕಲ್ ಒಂದೇ.

ಅವಳು ಕೂರಲಾರದೆ ಹೋದಳು. ವಾರ್ಡಿನಿಂದ ಗೇಟಿಗೆ, ಗೇಟಿನಿಂದ ಹಿತ್ತಲಿಗೆ, ಹಿತ್ತಲಿನಿಂದ ಪ್ರಾರ್ಥನೆಯ ಕೋಣೆಗೆ, ಅಲ್ಲಿ ಅರ್ಧ ಪ್ರಾರ್ಥನೆಗೇ ಎದ್ದು ಮತ್ತೆ ವಾರ್ಡಿಗೆ. ಹೋದಲ್ಲೆಲ್ಲ ಒಂದೊಂದು ಸುದ್ದಿ ಕಾದಿರುತ್ತಿತ್ತು. ಸೋಮವಾರದಿಂದ ಹಗ್ಗಕ್ಕೂ ಬಾಡಿಗೆಯಂತೆ. ಮಂಚದ ಕೆಳಗೆ ಮಲಗಿದರೆ ಅದಕ್ಕೂ ಲೆಕ್ಕವಂತೆ. ಹಳೇ ರೋಗಿಗಳ ಹಳೇ ದಿನಗಳಿಗೂ ಸೇರಿಸಿ ಬಿಲ್ಲು ಮಾಡುತ್ತಾರಂತೆ. ಇದನ್ನೆಲ್ಲ ಹೇಳಿದವರು ಯಾರು ಎಂದರೆ ಯಾರೂ ಅಲ್ಲ. ಗಾಳಿಮಾತಿಗೆ ಅಪ್ಪ ಅಮ್ಮ ಇರುತ್ತಾರೆಯೇ? ಅಧಿಕಾರಿಗಳಾದರೂ ಬಂದು ಇದು ಸುಳ್ಳು, ಇದು ನಿಜ ಎಂದು ಬಾಯಿಬಿಟ್ಟು ಹೇಳಬಹುದಿತ್ತು. ಗೋಡೆ ಅಳೆಯಲು ಬಿಡುವಿದ್ದವರಿಗೆ ಅದಕ್ಕೆ ಬಿಡುವಿರಲಿಲ್ಲ.

ವಾರ್ಡಿನ ಹೊರಗಿನ ಪಡಸಾಲೆಯಲ್ಲಿ ಡಾಕ್ಟರ್ ಸುಪ್ಲಿಕೊ ಸಿಕ್ಕಿದಾಗ ಪೀನಾ ದಾರಿಗೆ ಅಡ್ಡ ನಿಂತಳು.

"ಡಾಕ್ಟ್ರೇ, ಸೋಮವಾರದಿಂದ ಆಸ್ಪತ್ರೆ ಕಂಪನೀದಂತೆ?"

"ನಡ್ಸೋದು ಕಂಪನಿ. ಆಸ್ಪತ್ರೆ ಸರ್ಕಾರದ್ದೇ."

"ಹಂಗಂದ್ರೆ ಏನು? ಎಮ್ಮೆ ನಿಮ್ದು, ಹಾಲು ಅವ್ರದ್ದು ಅಂತಾನಾ?"

ಡಾಕ್ಟರಿಗೆ ನಗು ಬಂತು. ಪ್ರಾಮಾಣಿಕ ಮನುಷ್ಯ, ಅದೇ ಅವರ ತಪ್ಪು. "ನಂಗೂ ಸರಿಯಾಗಿ ಗೊತ್ತಿಲ್ಲಮ್ಮ. ನನ್ನನ್ನೇ ಇಟ್ಕೋತಾರೋ ಕಳಿಸ್ತಾರೋ ಗೊತ್ತಿಲ್ಲ. ಕಾಲು ಮಾತ್ರ ಅಲ್ಲಾಡಿಸ್ಬೇಡಿ. ಎಲುಬು ಇನ್ನೂ ಹಸಿ. ಈಗ ತೂಕ ತೆಗೆದ್ರೆ ಗಿಡ್ಡ ಆಗೋಗತ್ತೆ."

ಕಾಲಿನ ಮಾತು ಪೀನಾಳ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ತಲೆಗೆ ಹೋದದ್ದು ಮೊದಲ ಮಾತು. ಡಾಕ್ಟರಿಗೇ ನಾಳೆ ಏನೆಂದು ತಿಳಿಯದಿದ್ದರೆ ಮೀನು ಒಣಗಿಸುವವಳಿಗೆ ಏನು ತಿಳಿಯುತ್ತದೆ?

ಶುಕ್ರವಾರ ಇಟ್ಟಿಗೆ ಕಟ್ಟಿಕೊಂಡಿದ್ದವನನ್ನು ಮನೆಯವರು ಬಾಗಿಲಿನ ಹಲಗೆಯ ಮೇಲೆ ಮಲಗಿಸಿಕೊಂಡು ಹೋದರು. ಶನಿವಾರ ಮಧ್ಯಾಹ್ನದೊಳಗೆ ಕಿಟಕಿ ಸಾಲಿನ ಮಂಚಗಳೆಲ್ಲ ಬರಿದಾದವು. ಬೆಕ್ಕುಗಳು ಖಾಲಿ ಹಾಸಿಗೆಗಳ ಮೇಲೆ ಕಾಲು ಚಾಚಿ ಮಲಗಿದವು. ಒಬ್ಬರು ಎದ್ದರೆಂದು ಇನ್ನೊಬ್ಬರು, ಇನ್ನೊಬ್ಬರು ಎದ್ದರೆಂದು ಮತ್ತೊಬ್ಬರು. ಮನಾಂಗ್ ಸಾತುರ್ನಿನಾ ಹಿತ್ತಲ ಬಾಗಿಲಿಗೆ ಅಡ್ಡ ನಿಂತು ಸೌಟು ಬೀಸಿ ಬೀಸಿ ಬೈದಳು.

"ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅನ್ನೋ ಜನ ಕಣ್ರೇ ನೀವು! ಬಿಲ್ಲು ಬಂದಾಗ ನೋಡ್ಕೊಳ್ಳೋಣ. ಎಲ್ರೂ ಒಟ್ಟಿಗಿದ್ರೆ ಎಷ್ಟು ಜನಾನ ಅಂತ ಕೂಡಾಕ್ತಾರೆ? ಅನ್ನ ಯಾರು ಹಾಕ್ತಾರೆ ಇಷ್ಟು ಹೊಟ್ಟೆಗೆ?"

"ಕೂಡಿಹಾಕಿದ್ದು ನನ್ನ ನಾದಿನೀನ ಮನಾಂಗ್, ನಿಮ್ಮ ನಾದಿನೀನಲ್ಲ" ಎಂದಳು ಪೀನಾ.

"ಅದು ಬೇರೆ ಆಸ್ಪತ್ರೆ."

"ಗಾರ್ಡು ಅದೇ ಥರದವನು."

ಮನಾಂಗ್ ಸೌಟು ಇಳಿಸಿದಳು. "ನಿನ್ ಕಾಲು ಒಂದು ಕಡೆ ನಿಲ್ಲಲ್ಲ ಅಂತ ಅವನ ಕಾಲು ಹಾಳು ಮಾಡ್ಬೇಡ ಕಣೇ" ಎಂದಳು ಮೆಲ್ಲಗೆ. ಅವಳು ಮೆಲ್ಲಗೆ ಮಾತಾಡಿದ್ದನ್ನು ಪೀನಾ ಅದೇ ಮೊದಲು ಕೇಳಿದ್ದು. ಅದರಿಂದ ಇನ್ನಷ್ಟು ಹೆದರಿದಳು.

ಭಾನುವಾರ ಬೆಳಿಗ್ಗೆ ಪಾದ್ರಿ ವಾರ್ಡಿನಲ್ಲಿ ಪೂಜೆ ಮುಗಿಸಿ ಹೋದ ಮೇಲೆ ಅವಳು ಗಂಡನ ಮುಂದೆ ನಿಂತು, ಹೋಗೋಣ ಎಂದಳು.

"ಹೋಗೋದಾದ್ರೆ ನೀನು ಹೋಗು" ಎಂದ ಪಿಡಿಯೊಂಗ್. "ನನ್ ಕಾಲು ಇಲ್ಲೇ ಇರತ್ತೆ. ಅದು ಎಲ್ಲಿರತ್ತೋ ಅಲ್ಲಿ ನಾನೂ ಇರ್ತೀನಿ."

"ತಮಾಷೆ ಬೇಡ ನೊಂಗ್. ನಾಳೆ ಗೇಟು ಹಾಕಿದ್ರೆ ಆಮೇಲೆ ಬಿಡಲ್ಲ."

"ಡಾಕ್ಟ್ರು ಹೇಳಿದ್ದು ಕೇಳಿಲ್ವಾ?"

"ಡಾಕ್ಟ್ರನ್ನೇ ಕಳಿಸ್ತಾರಂತೆ! ಗಾಡಿ ಮಾರ್ಬೇಕಾಗತ್ತೆ. ಗಾಡಿ ಮಾರಿ, ನೆಟ್ಟಗಿರೋ ಕಾಲು ಇಟ್ಕೊಂಡು ಏನ್ ಮಾಡ್ತೀಯ? ಬಾಸ್ಕೆಟ್‌ಬಾಲ್ ಆಡ್ತೀಯಾ?"

ನಲವತ್ತು ದಾಟಿದರೂ ಅವನು ಕೇರಿಯ ತಂಡದಲ್ಲಿ ಆಡುತ್ತಿದ್ದ, ಗಿಡ್ಡ ಆಳಾದರೂ ದೂರದಿಂದ ಎಸೆದರೆ ಚೆಂಡು ಬುಟ್ಟಿಗೇ ಬೀಳುತ್ತಿತ್ತು. ಅದು ಅವಳಿಗೂ ಹೆಮ್ಮೆಯ ವಿಷಯವೇ. ಆ ಮಾತು ಬಾಯಿಂದ ಬಂದ ಮೇಲೆ ಅವಳಿಗೆ ಅಳು ಬಂತು, ಅತ್ತಳು. ಪಿಡಿಯೊಂಗ್ ರಾಟೆಯ ಕಡೆ ನೋಡಿದ.

"ಆಯ್ತು ದಾಯ್" ಎಂದ ಕೊನೆಗೆ. "ಅಳ್ಬೇಡ. ಮರಳನ್ನ ಮಾತ್ರ ಬಿಟ್ಟು ಹೋಗೋದು ಬೇಡ. ಮನೇಲಿ ಕಟ್ಕೊಳ್ಳೋಣ."

ಡಾಕ್ಟರ್ ಸುಪ್ಲಿಕೊ ತಾವೇ ಬಂದು ಕಡ್ಡಿ ಎಳೆದು ತೆಗೆದರು. ಬೈಯಲಿಲ್ಲ. ಬೈದಿದ್ದರೆ ಪೀನಾ ಒಂದು ವೇಳೆ ನಿಲ್ಲುತ್ತಿದ್ದಳೋ ಏನೋ. ತೂಕ ಇಳಿಸಿದ ಗಳಿಗೆಗೆ ತೊಡೆಯ ಮಾಂಸ ಗಂಟು ಕಟ್ಟಿಕೊಂಡು ಮೇಲಕ್ಕೆ ಎಳೆಯಿತು, ಪಿಡಿಯೊಂಗ್‌ನ ಬಾಯಿಂದ ಅವನದಲ್ಲದ ಒಂದು ಧ್ವನಿ ಹೊರಟಿತು. ಡಾಕ್ಟರು ಹಲಗೆ ಪಟ್ಟಿ ಬಿಗಿದು, ಪೀನಾಳನ್ನು ಪಕ್ಕಕ್ಕೆ ಕರೆದರು.

"ಕಾಲು ಗಿಡ್ಡ ಆಗ್ತಿದೆ ಅನ್ನಿಸಿದ್ರೆ ತಡ ಮಾಡ್ಬೇಡಮ್ಮ. ಗಟ್ಟಿ ಆಗೋಕೆ ಮುಂಚೆ ಕರ್ಕೊಂಡ್ ಬಾ. ಮತ್ತೆ ತೂಕ ಕಟ್ಟೋಣ. ಗಟ್ಟಿ ಆದ್ಮೇಲೆ ನನ್ನ ಕೈಲಿ ಆಗಲ್ಲ."

ಗೇಟಿನ ಬಳಿ ಗಾರ್ಡು ತಡೆದೇ ತಡೆಯುತ್ತಾನೆ ಎಂದುಕೊಂಡಿದ್ದಳು ಪೀನಾ. ರೊವೆಲ್ ಎಂಬ ಹೊಸ ಗಾರ್ಡು, ಇನ್ನೂ ಮೀಸೆ ಸರಿಯಾಗಿ ಬಾರದ ಹುಡುಗ, ಓಡಿ ಬಂದು ಚಿಲಕ ಸರಿಸಿ ಎರಡೂ ಬಾಗಿಲು ತೆರೆದ. ಪಿಡಿಯೊಂಗ್‌ನನ್ನು ಪಕ್ಕದ ಮನೆಯವನು ಓಡಿಸಿ ತಂದಿದ್ದ ಗಾಡಿಯ ಗೂಡಿಗೆ ಎತ್ತಿ ಕೂರಿಸಲು ಕೈ ಕೊಟ್ಟ. "ಹುಷಾರಾಗಿ ಹೋಗ್ಬನ್ನಿ ನಾನಾಯ್" ಎಂದು ಅಮ್ಮನಿಗೆ ಹೇಳುವ ಹಾಗೆ ಹೇಳಿದ. ಮರಳಿನ ಚೀಲವನ್ನೂ ಅವನೇ ಎತ್ತಿ ಇಟ್ಟ. ಸದ್ಯ ಪಾರಾದೆವು ಎಂದುಕೊಂಡ ಪೀನಾಳಿಗೆ ದಾರಿಯುದ್ದಕ್ಕೂ ಹಾಡು ಬರುವುದೊಂದು ಬಾಕಿ.

ಮನೆಯಲ್ಲಿ ಬಿದಿರಿನ ಮಂಚಕ್ಕೆ ಹಗ್ಗ ಕಟ್ಟಿ ಚೀಲ ಇಳಿಬಿಟ್ಟಳು. ಕಡ್ಡಿ ಇಲ್ಲದ ಕಾಲಿಗೆ ಹಗ್ಗ ಎಲ್ಲಿ ಕಟ್ಟುವುದು? ಪಾದಕ್ಕೆ ಬಟ್ಟೆ ಸುತ್ತಿ ಕಟ್ಟಿದಳು, ಬಟ್ಟೆ ಜಾರಿತು, ಮತ್ತೆ ಕಟ್ಟಿದಳು, ಪಾದ ಊದಿತು. ಎಲುಬು ಕೂರಿಸುವ ಮುದುಕ ತಾತಾ ಕುಲಾಸ್ ಬಂದು, ಬೆಚ್ಚಗಿನ ತೆಂಗಿನೆಣ್ಣೆ ಹಚ್ಚಿ ತೊಡೆ ಸವರಿದ. ಉಳುಕಿಗೆ ಅವನು ಕೈ ಹಾಕಿದರೆ ನೋವು ಮಾಯವಾಗುತ್ತಿತ್ತು, ಸುಳ್ಳು ಹೇಳಬಾರದು. ಆದರೆ ಉಳುಕು ಬೇರೆ, ಮುರಿದ ತೊಡೆ ಬೇರೆ.

"ತೂಕ ಕಟ್ಟಿದ್ರೆ ಎಲುಬು ಹೆದ್ರತ್ತೆ" ಎಂದ. "ತೆಗೀರಿ ಇದನ್ನ. ಎಣ್ಣೆ ಸಾಕು."

ಪಿಡಿಯೊಂಗ್ ಹೆಂಡತಿಯ ಮುಖ ನೋಡಿದ. ಪಾದ ಊದಿದ್ದು ನೋಡಲಾರದೆ ಪೀನಾ ಹಗ್ಗ ಬಿಚ್ಚಿದಳು. ಚೀಲ ಬಾಗಿಲ ಮೂಲೆಗೆ ಹೋಯಿತು. ಕೋಳಿಯೊಂದು ಅದರ ಮೇಲೆ ಕೂರಲು ಕಲಿಯಿತು.

ದಿನ ಕಳೆದ ಹಾಗೆ ನೋವು ತಗ್ಗಿತು. ಊರೆಲ್ಲ ಬಂದು ಪೀನಾಳನ್ನು ಹೊಗಳಿತು: ಗಟ್ಟಿಗಿತ್ತಿ, ಸಮಯಕ್ಕೆ ಸರಿಯಾಗಿ ಹೊರಗೆ ತಂದಳು. ಅವಳು ಹೌದು ಹೌದು ಎನ್ನುತ್ತ ಬಂದವರಿಗೆಲ್ಲ ಕಾಫಿ ಕೊಟ್ಟಳು. ಮನಸ್ಸಿನೊಳಗೆ ಮಾತ್ರ ಹುಳ ಕೊರೆಯುತ್ತಿತ್ತು. ಅವನು ಮಲಗಿರುವಾಗ ಎರಡು ಹಿಮ್ಮಡಿಯನ್ನೂ ಜೋಡಿಸಿ ನೋಡುವಳು. ಇಲ್ಲ, ಮಂಚ ಸೊಟ್ಟಗಿದೆ ಎಂದುಕೊಳ್ಳುವಳು. ಮಂಚವನ್ನು ತಿರುಗಿಸಿ ಹಾಕಿ ಮತ್ತೆ ನೋಡುವಳು.

ಒಂದು ದಿನ ಪಿಡಿಯೊಂಗ್ ಊರುಗೋಲು ಹಿಡಿದು ಅಂಗಳಕ್ಕೆ ಬಂದ. ಗಾಡಿಯ ಮೇಲೆ ಕೂರಬೇಕೆಂದ. ಪೀನಾ ಆಸರೆ ಕೊಟ್ಟು ಕೂರಿಸಿದಳು. ಗಾಡಿ ನಿಂತೇ ಇತ್ತು, ಎಂಜಿನ್ನೂ ಶುರು ಮಾಡಿರಲಿಲ್ಲ. ಅವನು ಬಲಗಾಲನ್ನು ಬ್ರೇಕಿನ ಕಡೆ ಚಾಚಿದ. ಕಾಲು ತುದಿ ಬ್ರೇಕಿನ ಮೇಲೆ ಗಾಳಿಯಲ್ಲಿ ನಿಂತಿತು. ಇನ್ನೊಮ್ಮೆ ಚಾಚಿದ. ಸೊಂಟ ವಾಲಿಸಿ ಚಾಚಿದ. ಎರಡು ಬೆರಳಿನ ಅಂತರ ಹಾಗೆಯೇ ಉಳಿಯಿತು.

"ಬ್ರೇಕು ಉದ್ದ ಮಾಡಿಸ್ಬೇಕೇನೋ" ಎಂದು ನಗಲು ನೋಡಿದ. ಆಗಲಿಲ್ಲ. ಹ್ಯಾಂಡಲ್ಲಿನ ಮೇಲೆ ತಲೆಯಿಟ್ಟುಬಿಟ್ಟ.

ಪೀನಾಳಿಗೆ ತನ್ನ ಮೇಲೆ ಬಂದಂಥ ಸಿಟ್ಟು ಈ ಜನ್ಮದಲ್ಲಿ ಯಾರ ಮೇಲೂ ಬಂದಿರಲಿಲ್ಲ. ಅದನ್ನು ತೀರಿಸಿಕೊಳ್ಳಲು ಪುರುಸೊತ್ತೂ ಇರಲಿಲ್ಲ. ಗಟ್ಟಿಯಾಗುವುದಕ್ಕೆ ಮುಂಚೆ ಕರೆದುಕೊಂಡು ಬಾ ಎಂದಿದ್ದರು ಡಾಕ್ಟರು. ಬೆಳಗಿನ ಜಾವದ ಪೂಜೆಗಳು ಇನ್ನೂ ಶುರುವಾಗಿರಲಿಲ್ಲ. ಅವಳು ಕೋಳಿಯನ್ನು ಓಡಿಸಿ ಚೀಲ ಎತ್ತಿಕೊಂಡಳು. ಮರಳು ಪೂರಾ ಒಣಗಿ ಹಗುರಾಗಿತ್ತು. ದಂಡೆಗೆ ಓಡಿ ಹೋಗಿ, ಹೊಲಿಗೆ ಬಿಚ್ಚಿ, ಈ ಸಲ ಒಣ ಮರಳನ್ನೇ ಆರಿಸಿ ತುಂಬಿ, ತಕ್ಕಡಿಯಲ್ಲಿ ತೂಗಿಸಿದಳು. ಪಕ್ಕದ ಮನೆಯವನು ಗಾಡಿ ಓಡಿಸಿದ. ದಾರಿಯುದ್ದಕ್ಕೂ ಅವಳು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

ಆಸ್ಪತ್ರೆ ಚೆನ್ನಾಗಿ ಕಾಣುತ್ತಿತ್ತು. ಸೂರಿಗೆ ಹೊಸ ತಗಡು, ಕಿಟಕಿಗಳಿಗೆ ಗಾಜು. ಗೇಟಿನಲ್ಲಿ ಅದೇ ರೊವೆಲ್.

"ಏನಾಗ್ಬೇಕಿತ್ತು ನಾನಾಯ್?"

"ಎಲುಬಿನ ವಾರ್ಡಿಗೆ. ಡಾಕ್ಟರ್ ಸುಪ್ಲಿಕೊ ಬರೋಕೆ ಹೇಳಿದ್ರು."

"ಅವ್ರು ಈಗ ಇಲ್ಲಿಲ್ಲ. ಹಣ ಕೊಡೋ ವಾರ್ಡಿಗಾ, ಉಚಿತಕ್ಕಾ?"

"ಉಚಿತಕ್ಕೆ."

ಹುಡುಗನ ಮುಖ ಸಣ್ಣದಾಯಿತು. "ಉಚಿತದ್ದು ನಾಲ್ಕೇ ಮಂಚ. ನಾಲ್ಕೂ ತುಂಬಿದೆ. ಒಳಗಡೆ ಖಾಲಿ ಆದ್ರೆ ಮಾತ್ರ ಗೇಟು ತೆಗಿ ಅಂತ ಆರ್ಡರು." ಅವನ ಕಣ್ಣು ಚೀಲದ ಮೇಲೆ ಬಿತ್ತು. "ಅದೇನು?"

"ಮರಳು."

"ಮರಳ್ಯಾಕೆ?"

"ನಮ್ಮ ತೂಕ" ಎಂದಳು ಪೀನಾ. ಹುಡುಗನಿಗೆ ಅರ್ಥವಾಗಲಿಲ್ಲ.

ಒಳಗಿನಿಂದ ಬರುತ್ತಿದ್ದ ಮನಾಂಗ್ ಸಾತುರ್ನಿನಾ ಅವಳನ್ನು ಕಂಡು ಗೇಟಿನ ಸರಳು ಹಿಡಿದು ನಿಂತಳು. ಕೊರಳಲ್ಲಿ ಬಂತಾಯ್ ಎಂದು ಬರೆದ ಹೊಸ ಚೀಟಿ. ಅವಳ ಹಿಂದೆ, ಅಂಗಳದ ಸಿಮೆಂಟಿನ ಮೇಲೆ, ಅವಳ ತಮ್ಮ ಊರುಗೋಲಿಲ್ಲದೆ ಎರಡೂ ಕಾಲಿನ ಮೇಲೆ ನೆಟ್ಟಗೆ ನಡೆಯುತ್ತಿದ್ದ.

"ಬಂದ್ಯಾ" ಎಂದಳು ಮನಾಂಗ್.

"ಬಿಲ್ಲು ಮಾಡಿದ್ರಾ ಮನಾಂಗ್? ಕೂಡಿಹಾಕಿದ್ರಾ?"

"ಹಳಬ್ರು ಅಂತ ಬಿಟ್ರು. ಗವರ್ನರ್ ಆಫೀಸಿಂದ ಹೇಳಿದ್ರಂತೆ." ಸರಳಿನಾಚೆಯಿಂದ ಪಿಡಿಯೊಂಗ್‌ನ ಕಾಲು ನೋಡಿದಳು. ಬೈಯಲು ಬಾಯಿ ತೆರೆದವಳು ಬೈಯಲಿಲ್ಲ. "ಆ ಸೋಮವಾರ ಕಂಪನಿಯೋರು ಉಚಿತದ ಮಂಚ ಎಷ್ಟು ಬೇಕು ಅಂತ ತಲೆ ಎಣಿಸೋಕೆ ಬಂದ್ರು ಕಣೇ. ವಾರ್ಡಲ್ಲಿ ಇದ್ದೋರು ನಾವು ನಾಲ್ಕು ರೋಗಿ, ಮಿಕ್ಕಿದ್ದು ಬೆಕ್ಕು. 'ಬಡವ್ರಿಗೆ ನಾಲ್ಕೇ ಸಾಕು, ಬೇಕಾಗಿದ್ರೆ ಇರ್ತಿದ್ರಲ್ಲ' ಅಂದ್ರು. ನಾನು ಕೂಗಾಡ್ದೆ. ಊರು ಕೊಳ್ಳೆ ಹೋದ್ಮೇಲೆ ದಿಡ್ಡಿ ಬಾಗಿಲು ಹಾಕಿದಂಗೆ. ಖಾಲಿ ಮಂಚ ತೋರಿಸ್ಕೊಂಡು ಏನಂತ ಕೂಗಾಡ್ಲಿ?"

ಪೀನಾ ಗೇಟನ್ನೇ ನೋಡುತ್ತ ನಿಂತಳು. ಇದೇ ಗೇಟಿನಿಂದ ಹೊರಗೆ ಬಿಡುವುದಿಲ್ಲ ಎಂದು ಅವಳು ನಿದ್ದೆಗೆಟ್ಟದ್ದು. ಹೊರಗೆ ಹೋಗುವವರಿಗೆ ಹುಡುಗ ಓಡಿ ಬಂದು ಎರಡೂ ಬಾಗಿಲು ತೆರೆದಿದ್ದ. ಚೀಲ ಕೂಡ ಎತ್ತಿ ಕೊಟ್ಟಿದ್ದ.

"ನಡಿ ದಾಯ್" ಎಂದ ಪಿಡಿಯೊಂಗ್ ಗಾಡಿಯೊಳಗಿಂದ. "ಇನ್ನೇನ್ ಮಾಡೋದು. ನಡಿ, ಮನೆಗೆ ಹೋಗೋಣ."

ಅವಳ ಕಾಲುಗಳು ಆಗಲೇ ಹೊರಟಿದ್ದವು. ಗವರ್ನರ್ ಆಫೀಸಿಗೆ ಓಡು, ಸುಪ್ಲಿಕೊ ಡಾಕ್ಟರ ಮನೆ ಹುಡುಕು, ಇನ್ನೊಂದು ಆಸ್ಪತ್ರೆಗೆ ಹೋಗು, ಕುಲಾಸನ ಕುತ್ತಿಗೆ ಹಿಡಿ ಎಂದು ಹತ್ತು ದಿಕ್ಕಿಗೆ ಎಳೆಯುತ್ತಿದ್ದವು. ಅವಳು ಅವುಗಳ ಮಾತು ಕೇಳಲಿಲ್ಲ. ಚೀಲವನ್ನು ಗೇಟಿನ ನಟ್ಟನಡುವೆ, ಎರಡು ಬಾಗಿಲು ಕೂಡುವ ಕಡೆ ಇಳಿಸಿದಳು. ಅದರ ಮೇಲೆ ಕೂತಳು.

"ನಾನಾಯ್, ಇಲ್ಲಿ ಕೂರಂಗಿಲ್ಲ" ಎಂದ ರೊವೆಲ್ ಗಾಬರಿಯಿಂದ. "ಕಾರುಗಳು ಬರ್ತವೆ."

"ಅವತ್ತು ಎಣಿಸೋಕೆ ಬಂದಾಗ ನಾವಿರ್ಲಿಲ್ಲ" ಎಂದಳು ಪೀನಾ. "ಈಗ ಬಂದಿದೀವಿ. ಹೋಗಿ ಹೇಳು, ಐದನೇದು ಅಂತ ಎಣಿಸ್ಕೊಳ್ಳಿ."

"ನಾನು ಹೇಳಿದ್ರೆ ಅವ್ರು ಕೇಳಲ್ಲ."

"ಕೇಳೋವರ್ಗೂ ಹೇಳು."

ಮನಾಂಗ್ ಒಳಗೆ ನಡೆದಳು. ಅವಳು ಜೋರು ಧ್ವನಿಯಲ್ಲಿ ಯಾರನ್ನೋ ಬೈಯುತ್ತ ಆಫೀಸಿನ ಕಡೆಗೆ ಹೋಗುವುದು ಗೇಟಿನವರೆಗೂ ಕೇಳುತ್ತಿತ್ತು. ಹಿಂದೆ ಒಂದು ಕಾರು ಬಂದು ನಿಂತು ಹಾರನ್ ಹೊಡೆಯಿತು. ಪೀನಾ ತಿರುಗಿ ನೋಡಲಿಲ್ಲ. ಕಾಲಿನ ಹೆಬ್ಬೆರಳುಗಳು ಚಪ್ಪಲಿಯೊಳಗೆ ಚಡಪಡಿಸುತ್ತಿದ್ದವು, ಅವುಗಳನ್ನು ಒಂದರ ಮೇಲೊಂದು ಒತ್ತಿ ಹಿಡಿದಳು. ಪಿಡಿಯೊಂಗ್ ಮೆಲ್ಲಗೆ ಗಾಡಿಯಿಂದ ಇಳಿದು, ಕುಂಟುತ್ತ ಬಂದು, ಅವಳ ಪಕ್ಕದ ನೆಲದಲ್ಲಿ ಕಾಲು ಚಾಚಿ ಕೂತ.

"ಎಷ್ಟೊತ್ತು ಹೀಗೇ ಕೂರ್ತೀರಾ ನಾನಾಯ್?" ಎಂದು ರೊವೆಲ್ ಅಂಗಲಾಚಿದ.

"ನಾನು ಇವರ ಬಂತಾಯ್ ಕಣೋ" ಎಂದಳು ಪೀನಾ. "ಕೂತಿರೋದೇ ನನ್ ಕೆಲಸ. ಅವತ್ತು ಮಾಡ್ಲಿಲ್ಲ."